ಎರಡನೇ ಕಿಟಕಿಯ ಗಂಟೆ

ಮನೆಯಿಂದ,
ಭಾನುವಾರ, ಹದಿನೇಳನೇ ತಾರೀಖು, ಬೆಳಿಗ್ಗೆ

ಪ್ರೀತಿಯ ಎರಡನೇ ಕಿಟಕಿಯವಳಿಗೆ,

ಅತ್ತೆಯವರ ಸೊಂಟ ಹೇಗಿದೆ? ವಾಕರ್ ಹಿಡಿದುಕೊಂಡು ಬಚ್ಚಲುಮನೆಯ ತನಕ ನಡೆದರು ಎಂದು ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಕೇಳಿ ಜೀವಕ್ಕೆ ಸಮಾಧಾನವಾಯಿತು. ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಕೊಡಬೇಡ. ನೋಡು, ಔಷಧಿ ಕೊಡುವವಳಿಗೇ ಔಷಧಿಯ ಪಾಠ ಹೇಳುತ್ತಿದ್ದೇನೆ, ನಗಬೇಡ. ನಿನ್ನ ಮಂಡಿ ಹೇಗಿದೆ ಎಂದು ಕೇಳಿದರೆ ನೀನು ಹೇಳುವವಳಲ್ಲ, ಆದರೂ ಕೇಳುತ್ತಿದ್ದೇನೆ. ಅಷ್ಟು ದೊಡ್ಡ ಜೀವವನ್ನು ಎಬ್ಬಿಸಿ ಕೂರಿಸುವಾಗ ಮಂಡಿಯ ಮೇಲೆ ಭಾರ ಹಾಕಬೇಡ, ಪಕ್ಕದ ಮನೆಯವರನ್ನು ಕರಿ. ಫೋನು ಇರುವಾಗ ಕಾಗದ ಏಕೆ ಎಂದು ನಿನಗೆ ಅನಿಸಬಹುದು. ನೀನು ಫೋನು ಎತ್ತಿದ ಕೂಡಲೇ ಅತ್ತೆಯವರಿಗೂ ಕೇಳಲಿ ಎಂದು ಸ್ಪೀಕರ್ ಹಾಕುತ್ತೀ. ಅವರು "ಏನಂತೆ? ಊಟ ಮಾಡಿದ್ರಂತಾ?" ಎಂದು ಹಾಸಿಗೆಯಿಂದಲೇ ಕೂಗುತ್ತಾರೆ. ನಾನು "ಎಲ್ಲಾ ಚೆನ್ನಾಗಿದೆ" ಎಂದು ಫೋನಿಡುತ್ತೇನೆ. ಹದಿಮೂರು ದಿನದಿಂದ ಇಲ್ಲಿ ಎಲ್ಲವೂ ಚೆನ್ನಾಗಿದೆ. ಚೆನ್ನಾಗಿಲ್ಲ ಕಣೇ.

ಮೊದಲು ಮನೆಯ ಸಮಾಚಾರ. ಹಾಲು ಎರಡು ಸಲ ಉಕ್ಕಿತು, ಒಂದು ಸಲ ಒಡೆಯಿತು. ನೀರಿನ ಮೋಟರು ಆಫ್ ಮಾಡಲು ಮರೆತು ಮೇಲಿನ ಮನೆಯವರ ಕೈಲಿ ಬೈಸಿಕೊಂಡೆ. ನಿನ್ನ ಗಿಡಗಳಿಗೆ ನೀರು ಹಾಕುತ್ತಿದ್ದೇನೆ. ಒಂದು ಮಾತ್ರ ಹಾಕಿದಷ್ಟೂ ಬಾಡುತ್ತಿದೆ, ಅದಕ್ಕೆ ನನ್ನನ್ನು ಕಂಡರೆ ಆಗುವುದಿಲ್ಲ. ಊಟ ಮಾಡುವಾಗ ಎದುರಿಗೆ ಕುರ್ಚಿ ಖಾಲಿ ಇರುತ್ತದೆಂದು ಈಗ ಅಡುಗೆಮನೆಯಲ್ಲೇ ನಿಂತು ತಿನ್ನುತ್ತೇನೆ. ನಾನು ಮೂರನೇ ಸಲ ಕಾಫಿ ಕೇಳಿದರೆ ನೀನು ಚಮಚೆಯಿಂದ ಲೋಟಕ್ಕೆ ಟಿಣ್ ಎಂದು ಬಡಿದು "ಎರಡನೇ ಕಿಟಕಿಗೆ ಹೋಗಿ" ಎನ್ನುತ್ತಿದ್ದೆಯಲ್ಲ, ಮೊನ್ನೆ ನಾನೇ ಬಡಿದು ನೋಡಿದೆ. ಎಂಥ ಕೆಟ್ಟ ಸದ್ದು ಅನಿಸಿತು. ನನ್ನ ಬಿಳಿ ಕೋಟಿನ ಗುಂಡಿ ಕಿತ್ತುಹೋಗಿದೆ, ಸೂಜಿದಾರದ ಡಬ್ಬಿ ಎಲ್ಲಿಟ್ಟಿದ್ದೀ ಗೊತ್ತಿಲ್ಲ. ನೀನು ಎಲ್ಲವನ್ನೂ ಮುಂಚೆಯೇ ಯೋಚಿಸುವವಳು. ಆ ವರ್ಷ ಅಣ್ಣನ ಕಣ್ಣಿನ ಆಪರೇಷನ್ನಿಗೆ ಹೋಗಲು ಒಲ್ಲೆ ಒಲ್ಲೆ ಎಂದ ನನ್ನನ್ನು ಹೊರಡಿಸಿ, ಚೀಲಕ್ಕೆ ಉಗುರು ಕತ್ತರಿ ಸಹ ಹಾಕಿದ್ದೆ. ನಾಲ್ಕು ದಿನಕ್ಕೆ ಹೋಗುತ್ತಿದ್ದೇನೋ ನಾಲ್ಕು ವರ್ಷಕ್ಕೋ ಎಂದು ನಾನು ನಗಾಡಿದ್ದೆ. ಈ ಸಲ ಮಾತ್ರ ಅತ್ತೆ ಬಿದ್ದ ಸುದ್ದಿ ಬಂದ ಗಾಬರಿಯಲ್ಲಿ ಏನೂ ಹೇಳದೆ ಹೊರಟುಬಿಟ್ಟೆ. ತಪ್ಪು ನಿನ್ನದೆನ್ನುತ್ತಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆದರೆ ಬೇಸರ ಮಾಡಬೇಡ. ನನಗೆ ನಾನೇ ಮೊದಲಿನಿಂದ ಹೇಳಿಕೊಳ್ಳಬೇಕಾಗಿದೆ. ಆಸ್ಪತ್ರೆಯ ಔಷಧಿ ಕೋಣೆಯಲ್ಲಿ ನಾವಿಬ್ಬರೂ ಕೂರಲು ಶುರುಮಾಡಿ ಹತ್ತೊಂಬತ್ತು ವರ್ಷ. ನನ್ನದು ಒಂದನೇ ಕಿಟಕಿ, ಮೂಲೆ ತಿರುಗಿದರೆ ನಿನ್ನದು ಎರಡನೆಯದು, ನಡುವೆ ಮಾತ್ರೆಗಳ ಕಪಾಟು. ಗರ್ಭ ಇಳಿಸುವ ಆ ಮಾತ್ರೆಯನ್ನು ನಾನು ಕೈಯಿಂದ ಮುಟ್ಟುವುದಿಲ್ಲ ಎಂದು ಸೇರಿದ ವರ್ಷವೇ ಬರೆದುಕೊಟ್ಟಿದ್ದೆ. ಏಕೆಂದು ನಿನಗೆ ಗೊತ್ತು. ನಾನು ಹೊಟ್ಟೆಯಲ್ಲಿದ್ದಾಗ ಅಮ್ಮನ ಹೃದಯ ತಡೆಯುವುದಿಲ್ಲ, ತೆಗೆಸಿಬಿಡಿ ಎಂದು ಡಾಕ್ಟರು ಹೇಳಿದ್ದರಂತೆ. ಅಮ್ಮ ದೇವರ ಮೇಲೆ ಭಾರ ಹಾಕಿ ಹೆತ್ತಳು, ಆರು ವರ್ಷ ಎತ್ತಿ ಆಡಿಸಿದಳು, ಆಮೇಲೆ ಹೋದಳು. ಅಪ್ಪ ದಿನಾ ಪ್ರಾರ್ಥನೆಗೆ ಕೂರಿಸಿಕೊಂಡು "ನೀನು ದೇವರು ಉಳಿಸಿದ ಜೀವ ಕಣೋ, ಇನ್ನೊಂದು ಜೀವ ತೆಗೆಯೋದಕ್ಕೆ ಕೈ ಹಾಕಬೇಡ" ಎನ್ನುತ್ತಿದ್ದರು. ಅವರ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟವನು ನಾನು. ಹಾಗೆ ಮನಸ್ಸು ಒಪ್ಪದವರಿಗೆ ಆಸ್ಪತ್ರೆಯಲ್ಲೂ ನಿಯಮವಿತ್ತು: ಕೊಡದಿದ್ದರೆ ಕೊಡಬೇಡಿ, ಆದರೆ ಬಂದವರಿಗೆ ಉಪದೇಶ ಮಾಡಬೇಡಿ, ಚೀಟಿ ಇಟ್ಟುಕೊಳ್ಳಬೇಡಿ, ಕೊಡುವವರ ಹತ್ತಿರ ಕಳಿಸಿ. ಅದಕ್ಕೆಂದೇ ಆ ಮರದ ಹಲಗೆ ಮಾಡಿಸಿದೆವು, ಒಂದು ಕಡೆ "ಒಂದನೇ ಕಿಟಕಿ", ತಿರುಗಿಸಿದರೆ "ದಯವಿಟ್ಟು ಎರಡನೇ ಕಿಟಕಿಗೆ". ಅದಕ್ಕೆಂದೇ ಮೇಜಿನ ಮೇಲೆ ಆ ಹಿತ್ತಾಳೆಯ ಗಂಟೆ. ಮಾತ್ರೆಯ ಹೆಸರು ಕಂಡ ಕೂಡಲೇ ನಾನು ಚೀಟಿ ಮಡಚಿ ವಾಪಸ್ ಸರಿಸುತ್ತಿದ್ದೆ, ಹಲಗೆ ತಿರುಗಿಸುತ್ತಿದ್ದೆ, ಗಂಟೆಯ ನೆತ್ತಿಯ ಮೇಲೆ ಒಂದು ತಟ್ಟು ತಟ್ಟುತ್ತಿದ್ದೆ. ನೀನು ಎಲ್ಲಿದ್ದರೂ ಬಂದು ನಿನ್ನ ಕಿಟಕಿಗೆ ಕೂರುತ್ತಿದ್ದೆ. ಹತ್ತೊಂಬತ್ತು ವರ್ಷದಲ್ಲಿ ಆ ಹೆಂಗಸರಿಗೆ ನಾನು ಒಂದು ಮಾತು ಆಡಿದವನಲ್ಲ, ಹುಬ್ಬು ಗಂಟಿಕ್ಕಿದವನಲ್ಲ, ಮುಖ ಎತ್ತಿ ನೋಡಿದವನೂ ಅಲ್ಲ. ಇದನ್ನು ದೊಡ್ಡ ಮರ್ಯಾದೆ ಎಂದುಕೊಂಡಿದ್ದೆ.

ನೀನು ಹೋದದ್ದು ನಾಲ್ಕನೇ ತಾರೀಖು, ಸೋಮವಾರ. ಇದು ನಡೆದದ್ದು ಗುರುವಾರ. ಹತ್ತು ಗಂಟೆಯ ಹೊತ್ತಿಗೆ ಸಾಲು ಬಾಗಿಲಿನ ತನಕ ಇತ್ತು, ಎಲ್ಲರಿಗೂ ಅದೇ ಕೆಮ್ಮು, ಅದೇ ಜ್ವರ. ನೀನಿದ್ದಿದ್ದರೆ ಸಾಲು ಅರ್ಧ ಆಗುತ್ತಿತ್ತು ಎಂದು ಬೆಳಿಗ್ಗೆಯಿಂದ ಮೂರು ಸಲ ಗೊಣಗಿದ್ದೆ. ಆಗ ಒಂದು ಚೀಟಿ ಬಂತು, ಆ ಮಾತ್ರೆಯದು. ಕೈ ತನ್ನ ಕೆಲಸ ತಾನು ಮಾಡಿತು. ಚೀಟಿ ಮಡಚಿದೆ, ಹಲಗೆ ತಿರುಗಿಸಿದೆ, ಗಂಟೆ ತಟ್ಟಿದೆ. ನಂಬುತ್ತೀಯೋ ಇಲ್ಲವೋ, ನಿನ್ನ ಕುರ್ಚಿ ಸರಿದ ಸದ್ದೂ ನನ್ನ ಕಿವಿಗೆ ಕೇಳಿಸಿತು. ಬೆಳಿಗ್ಗೆಯಿಂದ ನೀನಿಲ್ಲ ನೀನಿಲ್ಲ ಎಂದು ಗೊಣಗುತ್ತಿದ್ದವನಿಗೆ ಆ ಗಳಿಗೆಯಲ್ಲಿ ನೀನಿಲ್ಲ ಎಂಬುದು ಹೊಳೆಯಲೇ ಇಲ್ಲ. ಒಂದು ಕೈ ಬಂದು ಚೀಟಿ ತೆಗೆದುಕೊಂಡಿತು. ನಾನು ಹಲಗೆ ಮತ್ತೆ ತಿರುಗಿಸಿ ಮುಂದಿನ ಕೆಮ್ಮಿನ ಚೀಟಿಗೆ ಕೈ ಚಾಚಿದೆ.

ಅವಳು ನಿನ್ನ ಕಿಟಕಿಯ ಎದುರಿನ ಬೆಂಚಿನ ಮೇಲೆ ಕುಳಿತಳು. ಹನ್ನೆರಡಕ್ಕೆ ಗಾಜಿನಲ್ಲಿ ಒಂದು ನೀಲಿ ಚೀಲ ಕಂಡಿತು, ಯಾರಿಗೋ ಕಾಯುತ್ತಿದ್ದಾಳೆ ಎಂದುಕೊಂಡೆ. ಒಂದೂವರೆಗೆ ಊಟಕ್ಕೆಂದು ಡಬ್ಬಿ ಹಿಡಿದು ಆ ಕಡೆಯಿಂದಲೇ ಹೋದೆ. ಅವಳು ಕಾಲು ಚಾಚಿ ಕುಳಿತಿದ್ದಳು. "ಕಾಲು ಸ್ವಲ್ಪ ಒಳಗೆ ತಗೊಳ್ಳಮ್ಮ" ಎಂದೆ. ಎಳೆದುಕೊಂಡಳು. ಹತ್ತೊಂಬತ್ತು ವರ್ಷದಲ್ಲಿ ಅಂಥ ಚೀಟಿ ಹಿಡಿದು ಬಂದವಳ ಜೊತೆ ನಾನು ಆಡಿದ ಮೊದಲ ಮಾತು ಅದು. ನಾಲ್ಕು ಗಂಟೆಗೆ ಕಿಟಕಿ ಮುಚ್ಚುವಾಗ ಬೆಂಚು ಖಾಲಿಯಾಗಿತ್ತು. ಮನೆಗೆ ಬಂದು ನಿನ್ನ ಗಿಡಕ್ಕೆ ನೀರು ಹಾಕಿದೆ.

ಮಾರನೇ ದಿನ ಬೆಳಿಗ್ಗೆ ಹೆರಿಗೆ ವಾರ್ಡಿನ ನರ್ಸಮ್ಮ ಬಂದಳು. ಗೊತ್ತಲ್ಲ, ಜೋರು ಬಾಯಿಯವಳು. ಸಾಲನ್ನು ಸರಿಸಿಕೊಂಡು ನೇರ ಕಿಟಕಿಗೆ ಬಂದು, ಕಿವಿ ಕಿತ್ತುಹೋಗುವಂತೆ "ನಿನ್ನೆ ಒಬ್ಬಳಿಗೆ ಚೀಟಿ ಬರೆದು ಕಳಿಸಿದ್ವಲ್ಲ, ಮಾತ್ರೆ ಯಾಕೆ ಕೊಡಲಿಲ್ಲ?" ಎಂದಳು. ಆ ಹೆಂಗಸಿಗೆ ಮೂರು ತಿಂಗಳು ತುಂಬುತ್ತಿತ್ತಂತೆ, ಒಳಗೆ ಮಗುವಿನ ಎದೆಬಡಿತ ನಿಂತು ಎರಡು ವಾರದ ಮೇಲಾಗಿತ್ತಂತೆ. ಇನ್ನು ಒಳಗೆ ಬಿಟ್ಟರೆ ನಂಜಾಗುತ್ತದೆ, ಇವತ್ತೇ ತಗೋ ಎಂದು ಹೇಳಿ ಕಳಿಸಿದ್ದರಂತೆ. ಅವಳು ಸಂಜೆಯ ಕೊನೇ ಬಸ್ಸಿಗೆ ಬರಿಗೈಯಲ್ಲಿ ಮನೆಗೆ ಹೋದಳು. ಮನೆಯಲ್ಲಿ ತಾನಾಗಿ ರಕ್ತ ಹೋಗಲು ಶುರುವಾಗಿ, ನಿಲ್ಲದೆ, ಜ್ವರವೂ ಏರಿ, ಶುಕ್ರವಾರ ಬೆಳಿಗ್ಗೆ ಅವಳ ಗಂಡ ಯಾರದೋ ಗಾಡಿಯಲ್ಲಿ ಮಲಗಿಸಿಕೊಂಡು ಬಂದಿದ್ದ. ಎರಡು ಬಾಟಲಿ ರಕ್ತ ಏರಿಸಿದ್ದರು, ಇನ್ನೊಂದಕ್ಕೆ ಹುಡುಕುತ್ತಿದ್ದರು. "ಉಳೀತಾಳಾ?" ಎಂದೆ. "ನನ್ನ ಕೇಳ್ತೀರಾ?" ಎಂದು ನರ್ಸಮ್ಮ ಹೊರಟುಹೋದಳು. ಸತ್ತ ಕೂಸಿಗೆ ನನ್ನದೇನು ತಕರಾರಿತ್ತು ಕಣೇ? ಅಪ್ಪನಿಗೆ ಕೊಟ್ಟ ಮಾತಿನಲ್ಲಿ ಅದು ಎಲ್ಲಿತ್ತು? ಚೀಟಿಯ ಕೆಳಗೆ ಕಾರಣ ಎಂದು ಒಂದು ಸಾಲು ಇರುತ್ತದೆ, ಡಾಕ್ಟರು ಅಲ್ಲಿ ಬರೆದೇ ಇದ್ದರು. ನಾನು ಯಾವತ್ತೂ ಅಲ್ಲಿಯ ತನಕ ಓದಿದವನೇ ಅಲ್ಲ.

ಮೂರು ದಿನ ನನಗೆ ಊಟ ಸೇರಲಿಲ್ಲ. ಜ್ವರ ಇಳಿಯಿತೇ ಎಂದು ದಿನಕ್ಕೆ ನಾಲ್ಕು ಸಲ ವಾರ್ಡಿನ ಬಾಗಿಲಿಗೆ ಹೋಗಿ, ಒಳಗೆ ಹೋಗದೆ, ಹೊರಗೆ ತೂಗುಹಾಕಿದ ಪಟ್ಟಿ ನೋಡಿ ಬರುತ್ತಿದ್ದೆ. ಈ ನಡುವೆ ದೊಡ್ಡ ಡಾಕ್ಟರು ಕರೆಸಿದರು. ಹೆದರಿಕೊಂಡು ಹೋದೆ, ಅವರು ಚಹಾ ತರಿಸಿದರು. "ನೀವು ನಿಯಮದ ಪ್ರಕಾರ ಎರಡನೇ ಕಿಟಕಿಗೆ ಕಳಿಸಿದ್ದೀರಿ, ಅಲ್ಲಿ ಯಾರೂ ಇರಲಿಲ್ಲ ಅನ್ನೋದು ನಿಮ್ಮ ತಪ್ಪಲ್ಲ. ಎರಡು ಸಾಲು ಬರೆದುಕೊಡಿ, ಮುಗಿಸೋಣ" ಎಂದರು. ಬರೆದುಕೊಟ್ಟೆ ಕಣೇ. ನಿಯಮದಂತೆ ನಡೆದುಕೊಂಡಿದ್ದೇನೆ ಎಂದು ಸ್ವಂತ ಕೈಯಾರೆ ಬರೆದು ಸಹಿ ಹಾಕಿ, ಚಹಾ ಕುಡಿದು ಬಂದೆ. ಕೋಣೆಗೆ ಬಂದು ಕುಳಿತ ಮೇಲೆ, ಅಲ್ಲಿ ಯಾರೂ ಇರಲಿಲ್ಲವಾದರೆ ಯಾರಿರಬೇಕಿತ್ತು ಎಂಬ ಪ್ರಶ್ನೆ ಬಂತು. ನಿನ್ನ ರಜೆಯ ಅರ್ಜಿಯ ನಕಲು ನಮ್ಮ ಫೈಲಿನಲ್ಲೇ ಇತ್ತು, ತೆಗೆದು ನೋಡಿದೆ. ನೆನಪಿದೆಯೇ, ನೀನು ಬಟ್ಟೆ ತುಂಬುತ್ತಿದ್ದೆ, ಬಸ್ಸಿಗೆ ಹೊತ್ತಾಗುತ್ತಿತ್ತು, ನಿನ್ನ ಅರ್ಜಿಯನ್ನು ನಾನೇ ತುಂಬಿದೆ. "ರಜೆಯ ಅವಧಿಯಲ್ಲಿ ತಮ್ಮ ಕೆಲಸ ನೋಡಿಕೊಳ್ಳುವವರು" ಎಂಬಲ್ಲಿ "ಒಂದನೇ ಕಿಟಕಿಯವರು" ಎಂದು ನನ್ನದೇ ಅಕ್ಷರ, ಕೆಳಗೆ ಒಪ್ಪಿಗೆ ಎಂದು ನನ್ನದೇ ಸಹಿ. ಗಂಡ ಇದ್ದಾನಲ್ಲ, ನೋಡಿಕೊಳ್ಳುತ್ತಾನೆ ಎಂದು ಕಚೇರಿಯವರೂ ಮುದ್ರೆ ಒತ್ತಿದ್ದರು. ಅಂದರೆ ಆ ಗುರುವಾರ ಒಂದನೇ ಕಿಟಕಿಯೂ ನಾನೇ, ಎರಡನೇ ಕಿಟಕಿಯೂ ನಾನೇ. ನಾನು ಗಂಟೆ ತಟ್ಟಿ ಕರೆದದ್ದು ನನ್ನನ್ನೇ, ಬಾರದೆ ಹೋದವನೂ ನಾನೇ.

ಆ ಅರ್ಜಿಯನ್ನು ಹಿಡಿದು ದೊಡ್ಡ ಡಾಕ್ಟರ ಹತ್ತಿರ ಮತ್ತೆ ಹೋದೆ. ಮೊದಲು ಬರೆದುಕೊಟ್ಟದ್ದನ್ನು ವಾಪಸ್ ಕೊಡಿ ಎಂದೆ. ಅವರು ಅರ್ಜಿ ನೋಡಿ ಕನ್ನಡಕ ತೆಗೆದು, "ಇದನ್ನ ಯಾರು ಕೇಳಿದ್ರು ನಿಮ್ಮನ್ನ? ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೋತೀರಾ?" ಎಂದರು. ಹಾಕಿಕೊಂಡೆ. ನಡೆದದ್ದನ್ನು ನಡೆದ ಹಾಗೆ ಬರೆದು ಕೊಟ್ಟಿದ್ದೇನೆ. ವಿಚಾರಣೆ ಆಗಬಹುದು, ಆಗಲಿ. ನಿನ್ನ ಹೆಸರಿಗೆ ಏನೂ ಬರುವುದಿಲ್ಲ, ಅದನ್ನು ಮೂರು ಸಲ ಕೇಳಿ ಗಟ್ಟಿಮಾಡಿಕೊಂಡಿದ್ದೇನೆ.

ಮಂಗಳವಾರ ಅವಳ ಜ್ವರ ಬಿಟ್ಟಿತು. ನರ್ಸಮ್ಮ "ಹೋಗಿ ಮುಖ ತೋರಿಸಿ, ಬಾಗಿಲಲ್ಲಿ ನಿಂತು ಏನು ಕಾವಲು ಕಾಯ್ತೀರಾ?" ಎಂದು ಒಳಗೆ ತಳ್ಳಿದಳು. ಕಿಟಕಿಯ ಪಕ್ಕದ ಹಾಸಿಗೆ, ಗೋಡೆಯ ಗೂಡಿನಲ್ಲಿ ಅದೇ ನೀಲಿ ಚೀಲ. ಬಟ್ಟೆಯ ಕಾರ್ಖಾನೆಯಲ್ಲಿ ಅಂಗಿಗೆ ಗುಂಡಿ ಹೊಲಿಯುವ ಕೆಲಸವಂತೆ ಅವಳದು, ಇನ್ನೂ ಮೂವತ್ತು ಆಗಿರಲಿಕ್ಕಿಲ್ಲ. ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಏನೇನೋ ಯೋಚಿಸಿಕೊಂಡು ಹೋಗಿದ್ದೆ, ಬಾಯಿಗೆ ಬಂದದ್ದು "ಹೇಗಿದ್ದೀಯಮ್ಮ?" ಎಂಬುದು ಮಾತ್ರ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಮಾತಾಡ್ತೀರಾ? ನಾನು ಮೂಗರು ಅಂದ್ಕೊಂಡಿದ್ದೆ" ಎಂದಳು. ಪಕ್ಕದ ಹಾಸಿಗೆಯವರು ನಕ್ಕರು. ಅವಳು ನಗಲಿಲ್ಲ. ಕಿಟಕಿ ತಟ್ಟಬೇಕಿತ್ತು, ಯಾರನ್ನಾದರೂ ಕೇಳಬೇಕಿತ್ತು ಎಂದು ನಾನು ತೊದಲಿದೆ. ಎಂಥ ಮಾತು ನೋಡು, ತಪ್ಪು ಒಪ್ಪಿಕೊಳ್ಳಲು ಹೋದವನು ಅವಳಿಗೇ ತಪ್ಪು ಹೊರಿಸುತ್ತಿದ್ದೆ. ಅವಳು ಶಾಂತವಾಗಿಯೇ ಹೇಳಿದಳು: "ನೀವು ಗಂಟೆ ಹೊಡೆದ್ರಲ್ಲ. ಗಂಟೆ ಹೊಡೆದ ಮೇಲೆ ಯಾರೋ ಬಂದೇ ಬರ್ತಾರೆ ಅಂತ ಕೂತೆ. ಎದ್ದು ಹೋದಾಗಲೇ ಬಂದುಬಿಟ್ರೆ ಅಂತ ನೀರು ಕುಡಿಯೋಕೂ ಹೋಗಲಿಲ್ಲ." ಆಮೇಲೆ ನನ್ನ ಕೋಟು ನೋಡಿ "ಗುಂಡಿ ನೇತಾಡ್ತಿದೆ, ಮನೇಲಿ ಯಾರೂ ಹೇಳಲಿಲ್ವಾ?" ಎಂದಳು. ಹೇಳುವವಳು ಊರಿಗೆ ಹೋಗಿದ್ದಾಳೆ ಎಂದೆ. ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಹೊರಗೆ ಬಂದು ಗುಂಡಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡೆ.

ಆ ದಿನ ನನಗೆ ನಮ್ಮದು ನೆನಪಾಯಿತು. ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ನಿಂತ ಗರ್ಭ, ಎರಡೂವರೆ ತಿಂಗಳು, ನೀನು ಹಳೇ ಸೀರೆ ಹರಿದು ಬಟ್ಟೆ ಮಡಚಿಡುತ್ತಿದ್ದೆ. ಅಣ್ಣನ ಆಪರೇಷನ್ನು ಮುಗಿಸಿ ನಾನು ವಾಪಸ್ ಬರುವಷ್ಟರಲ್ಲಿ ನೀನು ಹಾಸಿಗೆಯಲ್ಲಿದ್ದೆ. "ತಾನಾಗೇ ಹೋಯ್ತು ಕಣ್ರೀ" ಎಂದೆ. ಆಮೇಲೆ ನಮಗೆ ಮತ್ತೆ ಆಗಲೇ ಇಲ್ಲ. ಅದರ ಬಗ್ಗೆ ನಾವಿಬ್ಬರೂ ಕೂತು ಒಂದು ದಿನವೂ ಮಾತಾಡಲಿಲ್ಲ. ಮಾತಾಡದಿರುವುದು ನನಗೆ ಎಲ್ಲ ಕಡೆಯೂ ಅಭ್ಯಾಸವಾಗಿದೆ ಅಂತ ಕಾಣುತ್ತದೆ.

ಮೊನ್ನೆ ಶುಕ್ರವಾರ ಮತ್ತೊಂದು ಚೀಟಿ ಬಂತು. ಈ ಸಲ ಕೆಳಗಿನ ಸಾಲಿನ ತನಕ ಓದಿದೆ. ಇದು ಬೇರೆ ಥರದ್ದು. ಇದರಲ್ಲಿ ಬಡಿತ ನಿಂತಿರಲಿಲ್ಲ. ಮುಖ ಎತ್ತಿ ನೋಡಿದೆ. ನಲವತ್ತರ ಹತ್ತಿರದ ಹೆಂಗಸು, ಸೆರಗನ್ನು ಕೈಗೆ ಸುತ್ತಿಕೊಂಡು, ಹಲಗೆಯನ್ನೇ ನೋಡುತ್ತ ನಿಂತಿದ್ದಳು. ನನಗೆ ಅದನ್ನು ಕೊಡಲಾಗುವುದಿಲ್ಲ, ಇವತ್ತಿಗೂ ಆಗುವುದಿಲ್ಲ, ನಿನ್ನ ಹತ್ತಿರ ಸುಳ್ಳು ಹೇಳಿ ಏನು ಮಾಡಲಿ? ಆದರೆ ಗಂಟೆಯ ಕಡೆ ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. "ಅಮ್ಮ, ಇದನ್ನ ನಾನು ಕೊಡಲ್ಲ, ಅದು ನನ್ನ ಸಮಸ್ಯೆ, ನಿಮ್ಮ ತಪ್ಪೇನಿಲ್ಲ. ಕೊಡುವವರನ್ನ ನಾನೇ ಕರ್ಕೊಂಡು ಬರ್ತೀನಿ, ಇಲ್ಲಿ ಕೂತಿರಿ, ಹತ್ತೇ ನಿಮಿಷ" ಎಂದೆ. ಸಾಲಿನಲ್ಲಿದ್ದವರು ಗೊಣಗಿದರು. ಕಿಟಕಿ ಮುಚ್ಚಿ, ಅಂಗಳ ದಾಟಿ, ಮೂರನೇ ಮಹಡಿ ಹತ್ತಿ, ಏದುಸಿರು ಬಿಡುತ್ತ ಔಷಧಿ ದಾಸ್ತಾನು ನೋಡುವ ಸ್ಟೋರಿನಕ್ಕನ ಮುಂದೆ ನಿಂತೆ. ಅವಳಿಗೂ ನಮ್ಮ ಹಾಗೆಯೇ ಮಾತ್ರೆ ಕೊಡುವ ಅಧಿಕಾರವಿದೆಯಲ್ಲ. ಬಾರಕ್ಕ ಎಂದೆ. ಮೆಟ್ಟಿಲು ಇಳಿಯುವಾಗ ಅವಳು "ಗಂಟೆ ಹೊಡೆದಿದ್ರೆ ಇಲ್ಲೀತನಕ ಕೇಳ್ತಿರಲಿಲ್ಲ ಬಿಡಿ" ಎಂದಳು. ಆ ಹೆಂಗಸು ಕೂತಲ್ಲೇ ಕೂತಿದ್ದಳು. ನಿನ್ನ ಕಪಾಟಿನ ಬೀಗದ ಕೈಯನ್ನು ತೆಗೆದು ಸ್ಟೋರಿನಕ್ಕನಿಗೆ ಕೊಟ್ಟು, ನಾನು ನನ್ನ ಜಾಗಕ್ಕೆ ಬಂದೆ. ನಾನು ಮಾಡಿದ್ದು ಸರಿಯೋ, ನನ್ನ ಕೈಯಿಂದ ಮಾಡದ್ದನ್ನು ಕಾಲಿನಿಂದ ಮಾಡಿದೆನೋ, ದೇವರಿಗೇ ಗೊತ್ತು. ಪ್ರಾರ್ಥನೆಯಲ್ಲಿ ಕೇಳಿದ್ದೇನೆ, ಉತ್ತರ ಬಂದಿಲ್ಲ. ಅವಳನ್ನು ಬೆಂಚಿನ ಮೇಲೆ ಬಿಟ್ಟು ನನ್ನ ದೇವರನ್ನು ಕಾಪಾಡಿಕೊಳ್ಳುವುದು ಮಾತ್ರ ನನ್ನಿಂದ ಇನ್ನು ಆಗುವುದಿಲ್ಲ.

ಅಷ್ಟರಲ್ಲಿ ಸ್ಟೋರಿನಕ್ಕ ಕೂಗಿದಳು, ಈ ಪುಸ್ತಕದಲ್ಲಿ ಹೇಗೆ ಬರೆಯಬೇಕು, ಒಂದು ಹಳೆಯದನ್ನು ತೋರಿಸಿ ಎಂದು. ಆ ಮಾತ್ರೆಗೆಂದೇ ನೀನು ಇಟ್ಟಿರುವ ಉದ್ದ ಪುಸ್ತಕ. ಹತ್ತೊಂಬತ್ತು ವರ್ಷದಿಂದ ಒಂದೇ ಪುಸ್ತಕ, ಅದೂ ಇನ್ನೂ ತುಂಬಿಲ್ಲ. ನಿನ್ನ ಕಿಟಕಿಯ ಪುಸ್ತಕವನ್ನು ನಾನು ಮುಟ್ಟುವುದಿಲ್ಲ ಎಂಬುದು ನಮ್ಮ ಒಪ್ಪಂದವಾಗಿತ್ತು. ಆವತ್ತು ಮುಟ್ಟಿದೆ, ಕ್ಷಮಿಸು. ಅವಳಿಗೆ ತೋರಿಸಿ ಕಳಿಸಿದ ಮೇಲೂ ಮುಚ್ಚಲು ಮನಸ್ಸಾಗಲಿಲ್ಲ. ಹೆಸರುಗಳು ಕಾಣದಂತೆ ಮರದ ಸ್ಕೇಲನ್ನು ಉದ್ದಕ್ಕೆ ಇಟ್ಟು, ಕಾರಣ ಎಂಬ ಪಟ್ಟಿಯನ್ನು ಮಾತ್ರ ಮೇಲಿಂದ ಕೆಳಗೆ ಓದುತ್ತ ಹೋದೆ. "ಬಡಿತ ಇಲ್ಲ." "ಬಡಿತ ಇಲ್ಲ." "ಅರ್ಧ ಒಳಗೇ ಉಳಿದಿದೆ." "ಬಡಿತ ಇಲ್ಲ." ನಿನ್ನ ದುಂಡು ಅಕ್ಷರ. ಬೇರೆ ಕಾರಣಗಳೂ ಇದ್ದವು, ಇಲ್ಲವೆನ್ನುವುದಿಲ್ಲ. ಆದರೆ ಅರ್ಧಕ್ಕಿಂತ ಹೆಚ್ಚು ಇವೇ ಕಣೇ. ನಾನು ಗಂಟೆ ತಟ್ಟಿ ಕಳಿಸಿದ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ನನ್ನ ದೇವರೂ ಬೇಡ ಎಂದಿರಲಿಲ್ಲ. ಕಳೆದುಕೊಂಡು ಬಂದಿದ್ದವರ ಮುಖದ ಮುಂದೆ ಹಲಗೆ ತಿರುಗಿಸಿ, ಅವರೇನೋ ಮಾಡಬಾರದ್ದು ಮಾಡಲು ಬಂದವರೆಂಬಂತೆ ಕಣ್ಣು ತಗ್ಗಿಸಿ ಕೂತಿದ್ದೆ. ನಿನಗೆ ಇದೆಲ್ಲ ಗೊತ್ತಿತ್ತು. ಹತ್ತೊಂಬತ್ತು ವರ್ಷ ಒಂದೇ ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಮನೆಗೆ ಬಂದೆವು, ನೀನು ಒಂದು ದಿನವೂ ಹೇಳಲಿಲ್ಲ. ಹೇಳುವಂತೆ ನಾನೂ ಇರಲಿಲ್ಲ.

ಗುಂಡಿ ಹೊಲಿಯುವವಳು ನಿನ್ನೆ ಮನೆಗೆ ಹೋದಳು. ಗಂಡ ಚೀಲ ಹಿಡಿದಿದ್ದ, ಅವಳು ಗೋಡೆ ಹಿಡಿದುಕೊಂಡು ನಿಧಾನ ನಡೆಯುತ್ತಿದ್ದಳು. ಕಬ್ಬಿಣಾಂಶದ ಮಾತ್ರೆಯ ಚೀಟಿ ನನ್ನ ಕಿಟಕಿಗೇ ತಂದಳು. ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ಮೇಲೆ, ಮೂರು ತಿಂಗಳು ಬಿಡಬೇಡ, ಸುಸ್ತಾದರೆ ಕೂಡಲೇ ಬಾ ಎಂದು ಹೇಳಿದ್ದನ್ನೇ ನಾಲ್ಕು ಸಲ ಹೇಳಿದೆ. "ಗೊತ್ತಾಯ್ತು ಬಿಡಿ" ಎಂದು ಹೋದಳು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ, ಯಾವ ಮುಖ ಇಟ್ಟುಕೊಂಡು ಕೇಳಲಿ?

ಸ್ಟೋರಿನಕ್ಕ ನೀನು ಬರುವ ತನಕ ದಿನಾ ಹತ್ತರಿಂದ ನಾಲ್ಕರ ತನಕ ಕೆಳಗೆ ಕೂರುವಂತೆ ದೊಡ್ಡ ಡಾಕ್ಟರಿಂದ ಬರೆಸಿಕೊಂಡಿದ್ದೇನೆ. ಆದ್ದರಿಂದ ಆಸ್ಪತ್ರೆಯ ಚಿಂತೆಯಿಂದ ಓಡಿಬರಬೇಡ. ಅತ್ತೆಯವರು ಕೋಲು ಹಿಡಿದು ನಡೆಯುವ ತನಕ ಇದ್ದೇ ಬಾ. ಅವರಿಗೆ ನನ್ನ ನಮಸ್ಕಾರ ಹೇಳು, ಅಳಿಯ ಹೊಟ್ಟೆ ತುಂಬ ಊಟ ಮಾಡುತ್ತಿದ್ದಾನೆ ಎಂದೂ ಹೇಳು, ಅವರಿಗೆ ಅಷ್ಟು ಸಾಕು. ನಿನ್ನ ಆರೋಗ್ಯ ನೋಡಿಕೋ. ಸೂಜಿದಾರದ ಡಬ್ಬಿ ಎಲ್ಲಿದೆ ಎಂದು ಮಾತ್ರ ಫೋನಿನಲ್ಲಿ ಹೇಳು, ಸ್ಪೀಕರಿನಲ್ಲಿ ಹೇಳಿದರೂ ಪರವಾಗಿಲ್ಲ.

ನಿನ್ನ ದಾರಿ ನೋಡುತ್ತಿರುವ,
ಒಂದನೇ ಕಿಟಕಿಯವನು

ಮತ್ತೆ: ಕಾಗದ ಮುಗಿಸಿ, ಲಕೋಟೆ ಅಂಟಿಸಿ, ಚಪ್ಪಲಿ ಮೆಟ್ಟಿ ಗೇಟಿನ ತನಕ ಹೋದವನು ವಾಪಸ್ ಬಂದು ಲಕೋಟೆ ಹರಿದಿದ್ದೇನೆ. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಬರೆದೂ ಸುಮ್ಮನೆ. ಆ ಪುಸ್ತಕದಲ್ಲಿ ಒಂದು ಸಾಲಿನ ಹೆಸರನ್ನು ನೋಡಲು ಸ್ಕೇಲು ತೆಗೆಯಬೇಕಾಗಲಿಲ್ಲ. ಕೊಟ್ಟವರು ಎಂಬಲ್ಲಿ ನಿನ್ನ ಸಹಿ, ಪಡೆದವರು ಎಂಬಲ್ಲೂ ನಿನ್ನದೇ ಸಹಿ. ಕಾರಣ: ಬಡಿತ ಇಲ್ಲ. ತಾರೀಖು, ಹನ್ನೊಂದು ವರ್ಷದ ಹಿಂದೆ ನೀನು ನನ್ನ ಚೀಲ ತುಂಬಿ ಅಣ್ಣನ ಊರಿನ ಬಸ್ಸು ಹತ್ತಿಸಿದ ದಿನ. ತಾನಾಗೇ ಹೋಗಲಿಲ್ಲ ಅದು. ಒಳಗೇ ಸತ್ತಿದ್ದನ್ನು ಹೊತ್ತುಕೊಂಡು ನನ್ನನ್ನು ಕಳಿಸಿ, ನಿನ್ನ ಕೈಯಿಂದ ನೀನೇ ತೆಗೆದುಕೊಂಡು, ನಾಲ್ಕು ದಿನ ಈ ಮನೆಯಲ್ಲಿ ಒಬ್ಬಳೇ ಇದ್ದೆ. ನಾನು ಬಂದು ಅತ್ತಾಗ ನನ್ನ ಬೆನ್ನು ಸವರಿದವಳೂ ನೀನೇ. ನಾನು ಹಲಗೆ ತಿರುಗಿಸುತ್ತೇನೆಂದು ಹೆದರಿದೆಯಾ? ಖಂಡಿತ ತಿರುಗಿಸುತ್ತಿರಲಿಲ್ಲ ಎಂದು ಬರೆಯಲು ಹೊರಟೆ, ಪೆನ್ನು ಓಡಲಿಲ್ಲ. ಚೀಟಿಯ ಕೆಳಗಿನ ಸಾಲು ಓದದ ಆಗಿನ ನನ್ನ ಮೇಲೆ ನನಗೇ ನಂಬಿಕೆಯಿಲ್ಲ. ಇದಕ್ಕೆ ಉತ್ತರ ಬರೆಯಬೇಡ. ಗಂಟೆಯನ್ನು ಮೇಜಿನಿಂದ ತೆಗೆದು ಕಪಾಟಿನಲ್ಲಿಟ್ಟಿದ್ದೇನೆ. ನೀನು ಊರಿನಿಂದ ಬಂದ ದಿನ, ಯಾವ ಹೊತ್ತಾದರೂ ಸರಿ, ಮೊದಲು ನನ್ನ ಕಿಟಕಿಗೆ ಬಾ.